ಆನ್‌ಲೈನ್ ಡಿಗ್ರಿ ಇಟ್ಟುಕೊಂಡು ವಿದೇಶದಲ್ಲಿ ಇಂಗ್ಲಿಷ್ ಟೀಚರ್ ಆಗಬೇಕು ಅಂದುಕೊಂಡವರಿಗೆ

ಜೂನ್, ಜುಲೈ ಬಂತು ಅಂದರೆ ಚಿಕ್ಕಬಳ್ಳಾಪುರದಲ್ಲಿ ಎಲ್ಲಿ ನೋಡಿದರೂ ಅಡ್ಮಿಷನ್ ಬ್ಯಾನರ್. ಅಂಥದ್ದೇ ಒಂದನ್ನು ನೋಡಿ ನಾನು 2021ರಲ್ಲಿ ಬಿ.ಬಿ. ರಸ್ತೆಯ ಒಂದು ಮಹಡಿ ಆಫೀಸಿನ ಮೆಟ್ಟಿಲು ಹತ್ತಿದೆ. ಆಫೀಸಿನ ಹೆಸರು ಬರೆಯುವುದಿಲ್ಲ, ನನ್ನ ದೂರು ಇನ್ನೂ ನಡೆಯುತ್ತಿದೆ. ಆದರೆ ನಡೆದದ್ದನ್ನು ಪೂರ್ತಿ ಹೇಳುತ್ತೇನೆ.

ನಮ್ಮದು ಶಿಡ್ಲಘಟ್ಟ ತಾಲ್ಲೂಕು. ಪಿಯುಸಿ ಆದ ಮೇಲೆ ಡಿ.ಎಡ್. ಮಾಡಿ ಒಂದು ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಸಂಬಳ 9 ಸಾವಿರ. ಕೊರೊನಾ ಬಂದಾಗ ಅದೂ ನಿಂತಿತು. ಆಫೀಸಿನವರು ಹೇಳಿದ್ದು ಇಷ್ಟು: "ಮನೇಲೇ ಕೂತು ಆನ್‌ಲೈನ್‌ನಲ್ಲಿ ಬಿ.ಎ. ಇಂಗ್ಲಿಷ್ ಮಾಡಮ್ಮ. ಯುಜಿಸಿ (ವಿಶ್ವವಿದ್ಯಾಲಯಗಳ ಮೇಲಿನ ಕೇಂದ್ರದ ಆಯೋಗ) ಅಪ್ರೂವ್ಡ್. ಮುಗಿದ ತಕ್ಷಣ ದುಬೈ, ಶಾರ್ಜಾ ಕಡೆ ಟೀಚರ್ ಕೆಲಸ ನಾವೇ ಹಾಕಿಸ್ತೀವಿ. ಸರ್ಟಿಫಿಕೇಟ್ ಮೇಲೆ ಎಲ್ಲೂ ಆನ್‌ಲೈನ್ ಅಂತ ಇರಲ್ಲ."

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, "ಯುಜಿಸಿ ಲಿಸ್ಟಲ್ಲಿ ಇದೆಯಾ ಸರ್?" ಮಾನ್ಯತೆ ಇಲ್ಲದ ಕಡೆ ಓದಿ ಒದ್ದಾಡಿದವರನ್ನು ನಮ್ಮ ಕಡೆ ಎಲ್ಲರೂ ನೋಡಿದ್ದಾರೆ, ಅದಕ್ಕೆ. ಅವರು ಲಿಸ್ಟ್ ತೆಗೆದು ತೋರಿಸಿದರು. ಯೂನಿವರ್ಸಿಟಿಯ ಹೆಸರು ನಿಜವಾಗಿಯೂ ಇತ್ತು. ಅಲ್ಲಿಗೆ ನಮ್ಮ ವಿಚಾರಣೆ ಮುಗಿಯಿತು. ತಪ್ಪಿದ್ದು ಅಲ್ಲೇ.

ಮೂರು ವರ್ಷದ ಫೀಸು 1,05,000. "ಪ್ಲೇಸ್‌ಮೆಂಟ್ ಚಾರ್ಜ್" ಅಂತ ಬೇರೆ 45,000. ಮೊದಲ ಕಂತು ಕಟ್ಟಿದ್ದು ರೇಷ್ಮೆ ಗೂಡು ಮಾರಿದ ದುಡ್ಡಿನಲ್ಲಿ. ಹುಳ ಸಾಕುವ ಮನೆಯವರಿಗೆ ಗೊತ್ತು, ನಾಲ್ಕನೇ ಜ್ವರ (ಹುಳ ಪೊರೆ ಕಳಚುವ ಹಂತ) ಎದ್ದ ಮೇಲೆ ರಾತ್ರಿಯೂ ಸೊಪ್ಪು ಹಾಕುತ್ತಲೇ ಇರಬೇಕು. ನಾನು ಹುಳಮನೆಯ ಕಿಟಕಿಗೆ ಫೋನ್ ಒರಗಿಸಿ ಕ್ಲಾಸ್ ಕೇಳುತ್ತಿದ್ದೆ. ಹುಳ ಸೊಪ್ಪು ಮೇಯುವ ಸದ್ದಿಗೆ ಪಾಠ ಕೇಳಿಸದೆ ಇಯರ್‌ಫೋನ್ ತಂದುಕೊಂಡೆ. ಸುಮ್ನೆ ಪಡೆದ ಡಿಗ್ರಿ ಅಲ್ಲ ಅದು. ಓದಿ, ಪರೀಕ್ಷೆ ಬರೆದು, 2024ರಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದೆ.

ಆಮೇಲೆ ಶಾರ್ಜಾದ ಒಂದು ಶಾಲೆಯವರು ವಿಡಿಯೋ ಇಂಟರ್‌ವ್ಯೂ ಮಾಡಿ ಆಫರ್ ಲೆಟರ್ ಕಳಿಸಿದರು. ಅಮ್ಮ ಊರಿಗೆಲ್ಲ ಹೇಳಿದ್ದೂ ಆಯಿತು. ಅಟೆಸ್ಟೇಶನ್ ಓಡಾಟ ಶುರುವಾಯಿತು. ಮೊದಲು ರಾಜ್ಯ ಶಿಕ್ಷಣ ಇಲಾಖೆ, ಆಮೇಲೆ ವಿದೇಶಾಂಗ ಸಚಿವಾಲಯ, ಕೊನೆಗೆ ಯುಎಇ ರಾಯಭಾರ ಕಚೇರಿ. ಮೂರೂ ಸೀಲು ಬಿದ್ದಾಗ ಕೆಲಸ ಆಯಿತು ಅಂದುಕೊಂಡೆ. ಆದರೆ ಆ ಸೀಲುಗಳು ಹೇಳುವುದು ಡಿಗ್ರಿ ಅಸಲಿ ಅಂತ ಮಾತ್ರ. ಅದನ್ನು ತಮ್ಮ ದೇಶದ ಡಿಗ್ರಿಗೆ ಸಮ ಅಂತ ಒಪ್ಪುವುದು ಬೇರೆ ಕೆಲಸ. ಅದಕ್ಕೆ ಈಕ್ವಿವಲೆನ್ಸಿ ಅನ್ನುತ್ತಾರೆ. ಶಾಲೆಯವರು ಅದಕ್ಕಾಗಿ ಯೂನಿವರ್ಸಿಟಿಯಿಂದ ಜೆನ್ಯೂನ್‌ನೆಸ್ ಲೆಟರ್ ತರಿಸಿ ಅಂದರು. ಈ ಪತ್ರದಲ್ಲಿ ಯಾವ ವರ್ಷ ಸೇರಿದ್ದು, ಎಲ್ಲಿ ಓದಿದ್ದು, ಎಲ್ಲಿ ಪರೀಕ್ಷೆ ಬರೆದದ್ದು, ಹೇಗೆ ಓದಿದ್ದು ಎಲ್ಲ ಯೂನಿವರ್ಸಿಟಿಯೇ ಬರೆದುಕೊಡಬೇಕು.

ನನ್ನ ಪತ್ರದ ಮೂರನೇ ಸಾಲು ಹೀಗಿತ್ತು: ಮೋಡ್ ಆಫ್ ಸ್ಟಡಿ, ಆನ್‌ಲೈನ್. ಹನ್ನೊಂದು ದಿನಕ್ಕೆ ಶಾಲೆಯಿಂದ ಮೇಲ್ ಬಂತು. ರೆಗ್ಯುಲರ್ ಡಿಗ್ರಿ ಬೇಕು, ನಿಮ್ಮ ಫೈಲ್ ಮುಂದುವರಿಸಲು ಆಗುವುದಿಲ್ಲ ಅಂತ. ಆ ರಾತ್ರಿ ಮಾರ್ಕ್ಸ್ ಕಾರ್ಡ್ ತೆಗೆದು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅದೇ ಇತ್ತು. ಮೂರು ವರ್ಷದಲ್ಲಿ ಒಂದು ಸಲವೂ ನಾನು ಆ ಹಿಂಬದಿ ನೋಡಿರಲಿಲ್ಲ.

ಯುಜಿಸಿ ಒಪ್ಪಿದ ಆನ್‌ಲೈನ್ ಡಿಗ್ರಿ ನಮ್ಮ ದೇಶದಲ್ಲಿ ರೆಗ್ಯುಲರ್ ಡಿಗ್ರಿಗೆ ಸಮ. 2020ರ ನಿಯಮಗಳಲ್ಲಿ ಅದಿದೆ, 2022ರ ಸೆಪ್ಟೆಂಬರ್‌ನಲ್ಲಿ ಯುಜಿಸಿ ಮತ್ತೆ ಸ್ಪಷ್ಟ ಮಾಡಿ ಹೇಳಿದೆ. ನಾನು ಈಗ ಅದೇ ಡಿಗ್ರಿ ತೋರಿಸಿ ರೆಗ್ಯುಲರ್ ಬಿ.ಎಡ್. ಸೀಟು ತೆಗೆದುಕೊಂಡಿದ್ದೇನೆ, ಯಾರೂ ತಕರಾರು ಮಾಡಲಿಲ್ಲ. ಹಾಗಾಗಿ ಆನ್‌ಲೈನ್ ಡಿಗ್ರಿಯೇ ದಂಡ ಅಂತ ನಾನು ಹೇಳುವುದಿಲ್ಲ. ಆದರೆ ಯುಜಿಸಿ ಮಾತು ನಡೆಯುವುದು ಇಲ್ಲಿ. ಅಲ್ಲಿ ಏನು ನಡೆಯಬೇಕು ಅನ್ನುವುದು ಆ ದೇಶದ ಶಿಕ್ಷಣ ಸಚಿವಾಲಯ, ವೀಸಾ ಕೊಡುವವರು, ಕೆಲಸ ಕೊಡುವ ಶಾಲೆ, ಈ ಮೂವರ ಕೈಯಲ್ಲಿದೆ. ಒಬ್ಬರು ಹೂಂ ಅಂದರೂ ಇನ್ನೊಬ್ಬರು ಬೇಡ ಅನ್ನಬಹುದು.

ದುಡ್ಡು ವಾಪಸ್ ಕೇಳಲು ಹೋದರೆ ಆಫೀಸಿನವರು ಹೊಸ ದಾರಿ ತೋರಿಸಿದರು. "ಗಲ್ಫ್ ಬಿಡಮ್ಮ, ಕೊರಿಯಾಗೆ ಹೋಗು. 120 ಗಂಟೆ ಟೆಫಲ್ ಕೋರ್ಸ್ ಮಾಡಿಸ್ತೀವಿ, ಇನ್ನು 60 ಸಾವಿರ ಕಟ್ಟು." ಟೆಫಲ್ ಅಂದರೆ ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವ ತರಬೇತಿ. ಪುಣ್ಯಕ್ಕೆ ಈ ಸಲ ಮೊದಲೇ ಹುಡುಕಿದೆ. ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಹೇಳಿಕೊಡುವವರಿಗೆ ಕೊಡುವುದು ಇ-2 ವೀಸಾ. ಅದು ಸಾಮಾನ್ಯವಾಗಿ ಸಿಗುವುದು ಏಳು ದೇಶದ ಪಾಸ್‌ಪೋರ್ಟ್ ಇದ್ದವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ವ್ಯಾಪಾರ ಒಪ್ಪಂದದಲ್ಲಿ ನಮ್ಮವರಿಗೂ ಒಂದು ಚಿಕ್ಕ ದಾರಿ ಇದೆ, ಆದರೆ ಅದಕ್ಕೆ ಟೀಚರ್ ಟ್ರೇನಿಂಗ್ ಅರ್ಹತೆಯೂ ಬೇಕು. ಬರೀ ಡಿಗ್ರಿ, ಟೆಫಲ್ ಸಾಲದು. ಚೀನಾದಲ್ಲೂ ಇಂಗ್ಲಿಷ್ ಕಲಿಸಲು ಹೆಚ್ಚಾಗಿ ಇಂಗ್ಲಿಷ್ ತಾಯ್ನುಡಿಯ ದೇಶದವರನ್ನೇ ಕೇಳುತ್ತಾರೆ. ಅಂದರೆ ಅಲ್ಲಿ ಡಿಗ್ರಿ ಆನ್‌ಲೈನಾ, ರೆಗ್ಯುಲರ್ರಾ ಅನ್ನುವುದಕ್ಕಿಂತ ಮುಂಚೆ ಪಾಸ್‌ಪೋರ್ಟ್ ಯಾವುದು ಅನ್ನುವ ಪ್ರಶ್ನೆ ಬರುತ್ತದೆ. ಇದನ್ನು ಆ ಆಫೀಸಿನಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ದಯವಿಟ್ಟು ಫೀಸು ಕಟ್ಟುವ ಮುಂಚೆಯೇ ಒಂದು ಮೇಲ್ ಬರೆಯಿರಿ. ನೀವು ಹೋಗಬೇಕು ಅಂದುಕೊಂಡ ದೇಶದ ಎರಡು ಮೂರು ಶಾಲೆಗೆ, ಆ ದೇಶದ ರಾಯಭಾರ ಕಚೇರಿಗೆ. "ನಾನು ಭಾರತದ ಪಾಸ್‌ಪೋರ್ಟ್ ಇರುವವಳು. ಇಂಥ ಯೂನಿವರ್ಸಿಟಿಯಲ್ಲಿ ಪೂರ್ತಿ ಆನ್‌ಲೈನ್ ಬಿ.ಎ. ಮಾಡಿದರೆ ಟೀಚರ್ ಕೆಲಸಕ್ಕೆ, ವೀಸಾಕ್ಕೆ ಒಪ್ಪುತ್ತೀರಾ?" ಅಂತ ಬಿಡಿಸಿ ಕೇಳಿ. ಉತ್ತರ ಬರವಣಿಗೆಯಲ್ಲೇ ಇರಲಿ. ಬಿ.ಎಡ್. ಬೇಕಾ ಅಂತಲೂ ಕೇಳಿ, ಶಾಲೆ ಕೆಲಸಕ್ಕೆ ಹೆಚ್ಚಿನವರು ಕೇಳುತ್ತಾರೆ.

ಇನ್ನೊಂದು. ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಿರಲೇಬೇಕು. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ನೋಂದಣಿ ಇದ್ದವರೂ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ಮತ್ತು ಜಿಎಸ್‌ಟಿ. ನಾನು ಕಟ್ಟಿದ್ದು 45,000, ಅವರ ಹೆಸರು ಆ ಪಟ್ಟಿಯಲ್ಲೇ ಇರಲಿಲ್ಲ. ಗೋಡೆ ಮೇಲೆ ಫ್ರೇಮ್ ಹಾಕಿ ತೂಗು ಬಿಟ್ಟಿದ್ದು ನಗರಸಭೆಯ ಟ್ರೇಡ್ ಲೈಸೆನ್ಸ್. ಅದನ್ನು ನೋಡಿಯೇ ನಾವು ನಂಬಿದ್ದೆವು.

ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ, ತೊಂದರೆ ಆದ ಎರಡು ವರ್ಷದೊಳಗೆ ಕೊಡಬೇಕು ಅಷ್ಟೇ. ನನಗೆ ಕಷ್ಟ ಆಗಿರುವುದು ರಸೀದಿ. ಅದರಲ್ಲಿ ಪ್ಲೇಸ್‌ಮೆಂಟ್ ಅಂತ ಎಲ್ಲೂ ಬರೆದಿಲ್ಲ, "ಕೌನ್ಸೆಲಿಂಗ್" ಅಂತಿದೆ. ಕೆಲಸ ಕೊಡಿಸುತ್ತೇವೆ ಅಂದದ್ದಕ್ಕೆ ನನ್ನ ಹತ್ತಿರ ಇರುವುದು ನಾಲ್ಕು ವಾಟ್ಸಾಪ್ ವಾಯ್ಸ್ ಮೆಸೇಜ್ ಮಾತ್ರ. ನೀವೂ ಬಿ.ಬಿ. ರಸ್ತೆಯ ಅಂಥ ಆಫೀಸಿನಲ್ಲಿ ದುಡ್ಡು ಕಟ್ಟಿದ್ದರೆ ರಸೀದಿ ಹುಡುಕಿ ಇಡಿ, ಮೆಸೇಜ್ ಒಂದನ್ನೂ ಅಳಿಸಬೇಡಿ. ಮುಂದಿನ ವಿಚಾರಣೆಯೊಳಗೆ ನನಗೆ ತಿಳಿಸಿದರೆ ಲಾಯರ್ ಹತ್ತಿರ ಒಟ್ಟಿಗೆ ಹೋಗೋಣ.