ಹನ್ನೆರಡು ಬಿಲ್ಲೆಯ ಬಣ್ಣದ ಡಬ್ಬಿ, ಮಂಗಳೂರಿನ ಒಂದು ಮಳೆಗಾಲ

ತಂಗಿಯ ಮಗನ ಹುಟ್ಟುಹಬ್ಬಕ್ಕೆ ಅಂತ ಹಂಪನಕಟ್ಟೆಯ ಒಂದು ಅಂಗಡಿಯಿಂದ ತಂದ ವಾಟರ್ ಕಲರ್ ಡಬ್ಬಿ ಇದು. ಹನ್ನೆರಡು ಬಿಲ್ಲೆ, ಒಂದು ಬ್ರಶ್, ಮುಚ್ಚಳದಲ್ಲೇ ಬಣ್ಣ ಕಲಸಲು ಗುಳಿಗಳು. 150 ರೂಪಾಯಿಗೆ ಸ್ವಲ್ಪ ಕಮ್ಮಿ. ಅವನಿಗೆ ಫುಟ್‌ಬಾಲ್ ಬೇಕಿತ್ತಂತೆ. ಹಾಗೆ ಡಬ್ಬಿ ನನ್ನ ಹತ್ತಿರವೇ ಉಳಿಯಿತು. ಎಂಟು ತಿಂಗಳಾಯಿತು, ಈಗ ಅವನು ಕೇಳಿದರೂ ಕೊಡುವುದಿಲ್ಲ. ಕಂಪನಿಯ ಹೆಸರು ಬರೆಯುವುದಿಲ್ಲ, ಯಾಕೆಂದರೆ ಬೈಯುವುದೂ ಸ್ವಲ್ಪ ಉಂಟು.

ಬ್ರಶ್ ದಂಡ. ಮೂರನೇ ದಿನಕ್ಕೇ ಕೂದಲು ಉದುರಿ ಕಾಗದಕ್ಕೆ ಅಂಟಿಕೊಳ್ಳಲು ಶುರುವಾಯಿತು. ಬೇರೆ ಒಂದು ತಗೊಳ್ಳಿ. ಬಿಳಿ ಬಿಲ್ಲೆ ಕಲಸಿದರೆ ಎಲ್ಲ ಬಣ್ಣವೂ ಸುಣ್ಣ ಬಿದ್ದ ಹಾಗೆ ಮಂಕು. ಬಿಳಿ ಬೇಕಾದ ಕಡೆ ಕಾಗದವನ್ನು ಖಾಲಿ ಬಿಟ್ಟರಾಯಿತು. ಆದರೆ ದೊಡ್ಡ ಮೋಸ ಹಸಿರಿನದ್ದು. ಪ್ಲಾಸ್ಟಿಕ್ ಬಕೆಟಿನ ಹಸಿರು ಅದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ತೆರೆದರೆ ಹಸಿರು ಬಿಟ್ಟು ಬೇರೆ ಏನೂ ಕಾಣದ ಊರಲ್ಲಿ ಇದನ್ನು ಇಟ್ಟುಕೊಂಡು ಎಂತ ಮಾಡುವುದು ಮಾರಾಯ್ರೆ?

ಸಿಟ್ಟಿನಲ್ಲೇ ಕಲಸಲು ಕೂತೆ. ಹಳದಿಗೆ ನೀಲಿ, ಅದಕ್ಕೆ ಸೂಜಿಮೊನೆಯಷ್ಟು ಕಂದು. ಹಲಸಿನ ಎಲೆಗೆ ಕಂದು ಜಾಸ್ತಿ ಬೇಕು. ನೇಜಿ (ಭತ್ತದ ಸಸಿ) ಗದ್ದೆಗೆ ಹಳದಿ ಜಾಸ್ತಿ. ಬಾಳೆಯ ಸುಳಿಗೆ ಹಳದಿಯ ಹತ್ತಿರ ನೀಲಿಯನ್ನು ಸುಮ್ನೆ ತೋರಿಸಿದರೆ ಸಾಕು. ಡಬ್ಬಿಯ ಹಸಿರು ಚೆನ್ನಾಗಿದ್ದಿದ್ದರೆ ನಾನು ಇದನ್ನೆಲ್ಲ ನೋಡುತ್ತಲೇ ಇರಲಿಲ್ಲ, ಅಲ್ವಾ? ಹಾಗಾಗಿ ಇದಕ್ಕೆ ಅಂಕ ಕಳೆಯಬೇಕೋ ಕೊಡಬೇಕೋ ಇನ್ನೂ ಗೊತ್ತಾಗಿಲ್ಲ.

ಜೆಪ್ಪುವಿನಿಂದ ಆಫೀಸಿಗೆ ಬಸ್ಸಿನಲ್ಲಿ ಹೋಗುವಾಗ ಮೊದಲೆಲ್ಲ ಮೊಬೈಲ್ ನೋಡುತ್ತಿದ್ದೆ. ಈಗ ಮನೆಗಳ ಮಾಡು ನೋಡುತ್ತೇನೆ. ಹಂಚು ಅಂದರೆ ಕೆಂಪು ಅಂತ ಚಿಕ್ಕಂದಿನಿಂದ ನಂಬಿದ್ದೆ. ಹೊಸ ಹಂಚು ಕಿತ್ತಳೆಗೆ ಹತ್ತಿರ, ಹಳೆಯದರ ಮೇಲೆ ಪಾಚಿ ಒಣಗಿ ಕಪ್ಪು, ಮತ್ತೆ ಮಳೆ ಬಂದು ನಿಂತ ಐದು ನಿಮಿಷ ಎಲ್ಲವೂ ಒಂದು ಥರ ನೇರಳೆ. ಈ ಜೆಪ್ಪುವಿನಲ್ಲೇ 1865ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಪ್ಲೆಬ್ಸ್ಟ್ ಎಂಬವರು ಹಂಚಿನ ಕಾರ್ಖಾನೆ ಶುರುಮಾಡಿದ್ದು, ಹೊಳೆದಡದ ಜೇಡಿಮಣ್ಣಿನಲ್ಲಿರುವ ಕಬ್ಬಿಣದ ಅಂಶ ಬೆಂಕಿಯಲ್ಲಿ ಬೆಂದು ಆ ಕೆಂಪು ಬರುವುದು, ಇದೆಲ್ಲ ಮೊದಲೇ ಗೊತ್ತಿತ್ತು. ಆದರೆ ಡಬ್ಬಿಯ ಕಂದಿಗೆ ಕಿತ್ತಳೆ ಕಲಸಿ ಕಲಸಿ ಸೋತ ಮೇಲೆಯೇ ಆ ಮಣ್ಣಿನ ಮೇಲೆ ಮರ್ಯಾದೆ ಬಂದದ್ದು. ಕಡಲಿನದ್ದೂ ಇದೇ ಕಥೆ. ಮಳೆಗಾಲದಲ್ಲಿ, ಹೊಳೆ ಕಡಲಿಗೆ ಸೇರುವ ಅಳಿವೆಬಾಗಿಲಿನ ಹತ್ತಿರ ಅದು ಹಾಲು ಹಾಕಿದ ಚಹಾ. ನೀಲಿ ಬಿಲ್ಲೆ ತೆಗೆಯುವ ಕೆಲಸವೇ ಇಲ್ಲ.

ಕಾಗದಕ್ಕೆ ಮಾತ್ರ ಕಂಜೂಸಿ ಮಾಡಬೇಡಿ. ತೆಳು ಕಾಗದ ನೀರು ಬಿದ್ದ ಕೂಡಲೇ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ, 300 ಜಿಎಸ್‌ಎಂನ (ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಅಂತ ಲೆಕ್ಕ) ದಪ್ಪ ಕಾಗದ ತಗೊಂಡು ನಾಲ್ಕು ತುಂಡು ಮಾಡಿ.

ನಮ್ಮ ಊರಿನವರಿಗೆ ಇನ್ನೊಂದು ಮಾತು. ಜುಲೈಯಲ್ಲಿ ಬಿಲ್ಲೆಗಳು ಒಣಗಲೇ ಇಲ್ಲ, ಒಂದು ದಿನ ನೋಡಿದರೆ ಹಳದಿಯ ಮೇಲೆ ಬೂಷ್ಟು! ತಪ್ಪು ನನ್ನದೇ, ಒದ್ದೆ ಇರುವಾಗಲೇ ಮುಚ್ಚಿಟ್ಟಿದ್ದೆ. ಒರೆಸಿ, ಫ್ಯಾನಿನ ಕೆಳಗೆ ರಾತ್ರಿಯಿಡೀ ಇಟ್ಟು, ಚಪ್ಪಲಿ ಬಾಕ್ಸಿನಲ್ಲಿ ಬಂದಿದ್ದ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಮೇಲೆ ಸರಿಯಾಯಿತು. ಅದೇ ವಾರ ನೆಂಟರನ್ನು ಕರೆದುಕೊಂಡು ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿದ್ದೆ. ಇಟಲಿಯಿಂದ ಬಂದ ಆಂಟೊನಿಯೊ ಮೊಸ್ಕೆನಿ 1899ರಿಂದ 1901ರ ನಡುವೆ ಬರೆದ ಚಿತ್ರಗಳು. ಗೋಡೆಯ ಚಿತ್ರಗಳಲ್ಲಿ ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವುದಂತೆ, ಗಾರೆ ಒಣಗುವಾಗ ಬಣ್ಣ ಗೋಡೆಯದ್ದೇ ಆಗಿಬಿಡುತ್ತದೆ. ಇದೇ ಸೆಕೆ, ಇದೇ ಉಪ್ಪುಗಾಳಿ, ಇದೇ ಜುಲೈ, ಆದರೂ ಉಳಿದಿವೆ! ನಡುವೆ ರಿಪೇರಿ ಆಗಿದೆ ಅನ್ನಿ. ಮೊದಲು ಎಷ್ಟೋ ಸಲ ಹೋಗಿ "ಚಂದ ಉಂಟು" ಅಂದು ಐದು ನಿಮಿಷದಲ್ಲಿ ಹೊರಗೆ ಬಂದಿದ್ದೆ, ಈ ಸಲ ಚಾವಣಿಯಲ್ಲಿ ಬಟ್ಟೆಯ ಮಡಿಕೆಗಳನ್ನು ನೋಡಿ ನೋಡಿ ಕುತ್ತಿಗೆ ಹಿಡಿದುಕೊಂಡಿತು. ನೆಂಟರು ಹೊರಗೆ ಕಾಯುತ್ತಿದ್ದರು.

ಡಬ್ಬಿ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಅಡುಗೆಮನೆಯಲ್ಲಿ. ಅಮ್ಮನಿಗೆ ಕನ್ನಡಕ ಇಲ್ಲದಿದ್ದರೆ ಡಬ್ಬಗಳ ಚೀಟಿ ಓದಲು ಆಗುವುದಿಲ್ಲ, ಒಂದು ಸಲ ಪಾಯಸಕ್ಕೆ ಉಪ್ಪು ಬಿದ್ದದ್ದೂ ಉಂಟು. ಅದಕ್ಕೆ ಚೀಟಿಯಲ್ಲಿ ಅಕ್ಷರದ ಬದಲು ಚಿತ್ರ ಬರೆದೆ. ಸಕ್ಕರೆಗೆ ಕಬ್ಬು, ಮೆಣಸಿನ ಪುಡಿಗೆ ಬ್ಯಾಡಗಿ ಮೆಣಸು. ಉಪ್ಪಿಗೆ ಎಂತ ಬರೆಯುವುದು? ಯೋಚಿಸಿ ಕಡಲು ಬರೆದೆ.

"ಇದೆಂತ ನೀಲಿ ಗೀಟು?"

"ಕಡಲು ಅಮ್ಮ. ಉಪ್ಪು ಅಲ್ಲಿಂದ ಅಲ್ವಾ ಬರುವುದು."

"ಹಾಗಾದ್ರೆ ಒಂದು ಬಂಗುಡೆಯಾದ್ರೂ ಬರೀಬೇಕಿತ್ತು."

ಬರೆದೆ. ಈಗ ನಮ್ಮನೆಯ ಉಪ್ಪಿನ ಡಬ್ಬದ ಮೇಲೆ ಬಂಗುಡೆ ಇದೆ, ಬಂದವರೆಲ್ಲ ಒಳಗೆ ಒಣಮೀನು ಅಂದುಕೊಳ್ಳುತ್ತಾರೆ. ಒಂದು ವಿಷಯ: ಒಗ್ಗರಣೆಯ ಹಬೆಗೆ ಈ ಬಣ್ಣ ಹರಿದುಹೋಗುತ್ತದೆ, ಮೇಲೆ ಅಗಲದ ಸೆಲೊಟೇಪ್ ಅಂಟಿಸಲೇಬೇಕು. ಮೊದಲನೇ ಕಬ್ಬು ಹಾಗೇ ಹೋಯಿತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಹಳದಿ ಮತ್ತು ಕಂದು ಮುಗಿಯುತ್ತಾ ಬಂದಿವೆ, ಅಂಗಡಿಯಲ್ಲಿ ಬಿಡಿ ಬಿಲ್ಲೆ ಸಿಗುವುದಿಲ್ಲ ಅಂದರು, ಎರಡು ಬಣ್ಣಕ್ಕಾಗಿ ಇಡೀ ಡಬ್ಬಿ ತರಬೇಕು. ನೀಲಿಗೆ ಕಂದು ಕಲಸಿದರೆ ಒಳ್ಳೆಯ ಗಾಢ ಬಣ್ಣ ಬರುವ ಕಾರಣ ಕಪ್ಪು ಬಿಲ್ಲೆಯನ್ನು ಮುಟ್ಟಿಯೇ ಇಲ್ಲ, ತಂದ ದಿನದ ಹಾಗೇ ಇದೆ. ಯಾರಿಗಾದರೂ ಬೇಕಿದ್ದರೆ ಹೇಳಿ, ಹಳದಿಗೆ ಬದಲಾಯಿಸಿಕೊಳ್ಳುವ.