ಕ್ಯಾಟ್ ಸ್ಕೇಲ್ ಮೇಲೆ ನಾಲ್ಕು ವರ್ಷ: ನಮ್ಮ ಮೋಟರ್‌ಹೋಮ್ ಹಿಂಭಾರ ಆಗಿದ್ದ ಕಥೆ

ನಾವಿರುವುದು ಟೆಕ್ಸಸ್‌ನ ಹ್ಯೂಸ್ಟನ್ ಹತ್ತಿರ. 2021ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್, ಅಂದರೆ ಹಾಸಿಗೆ, ಅಡುಗೆಮನೆ ಎಲ್ಲ ಒಳಗೇ ಇರುವ ಗಾಡಿ, ತಗೊಂಡೆವು. ಫೋರ್ಡ್ ಇ-450 ಚಾಸಿಸ್, 31 ಅಡಿ ಉದ್ದ, ಮುಂದೆ ಎರಡು ಟೈರ್, ಹಿಂದೆ ಜೋಡಿ ಜೋಡಿಯಾಗಿ ನಾಲ್ಕು. ಆದರೆ ಈ ವಿಮರ್ಶೆ ಗಾಡಿಯದ್ದಲ್ಲ. ಲಾರಿಯವರು ತೂಕ ಹಾಕಿಸುವ ಕ್ಯಾಟ್ ಸ್ಕೇಲ್ ಇದೆಯಲ್ಲ, ಅದರ ಬಗ್ಗೆ. ಇಲ್ಲಿ ಇಂಥ ಗಾಡಿ (ಆರ್‌ವಿ) ತಗೊಂಡ ನಮ್ಮವರು ಸೋಲಾರ್, ಬ್ಯಾಟರಿ, ಕ್ಯಾಮೆರಾ ಅಂತ ಸಾವಿರಾರು ಡಾಲರ್ ಹಾಕುತ್ತಾರೆ, ಹದಿನೈದು ಡಾಲರ್ ಹತ್ತಿರ ಕೊಟ್ಟು ಗಾಡಿ ತೂಗಿಸಿ ಅಂದರೆ ಮಾತ್ರ ನಗುತ್ತಾರೆ. ನಾನೂ ನಕ್ಕವನೇ.

2022ರ ಬೇಸಿಗೆಯಲ್ಲಿ ತಿಪಟೂರು ಕಡೆಯಿಂದ ಮಾವ, ಅತ್ತೆ ಬಂದಿದ್ದರು. ಬಿಗ್ ಬೆಂಡ್ ನ್ಯಾಷನಲ್ ಪಾರ್ಕ್‌ಗೆ ಹೊರಟಿದ್ದೆವು. ಆರು ಜನ, ಟ್ಯಾಂಕ್ ತುಂಬ ನೀರು, ಹಿಂದುಗಡೆ ರ‍್ಯಾಕ್‌ನಲ್ಲಿ ನಾಲ್ಕು ಸೈಕಲ್, ಎರಡು ಮೂಟೆ ಸೋನಾ ಮಸೂರಿ, ಮತ್ತೆ ಅತ್ತೆ ಬಿಟ್ಟು ಬರಲು ಒಪ್ಪದ ವೆಟ್ ಗ್ರೈಂಡರ್. ಮಾವ ರಸ್ತೆಗಿಳಿದು ಗಾಡಿಯನ್ನು ಪಕ್ಕದಿಂದ ಒಂದು ಸಲ ನೋಡಿದರು. "ಹಿಂಭಾರ ಆಗೈತೆ ಕಣಪ್ಪ, ಮೂಕಿ ಎದ್ದೈತೆ," ಅಂದರು. ಅವರು ಚಿಕ್ಕವರಿದ್ದಾಗ ಎತ್ತಿನ ಗಾಡಿಯಲ್ಲಿ ಸಂತೆಗೆ ಕೊಬ್ಬರಿ ಹೊಡೆದವರು. ಮೂಕಿ ಅಂದರೆ ಎತ್ತಿನ ಗಾಡಿಯ ಮುಂದಿನ ಉದ್ದ ಮರ, ಹಿಂದೆ ಭಾರ ಜಾಸ್ತಿಯಾದರೆ ಅದು ಮೇಲೇಳುತ್ತದೆ. ನಾನು ಸುಮ್ನೆ ತಲೆಯಾಡಿಸಿ ಹೊರಟೆ. ಹೈವೇಗೆ ಹತ್ತಿದ ಮೇಲೆ ಗೊತ್ತಾಯಿತು, ಪಕ್ಕದಲ್ಲಿ ದೊಡ್ಡ ಲಾರಿ ಹೋದಾಗೆಲ್ಲ ಸ್ಟೀರಿಂಗ್ ಕೈಯಲ್ಲಿ ತೇಲಿದ ಹಾಗೆ ಆಗುತ್ತಿತ್ತು. ಆವತ್ತು ಡೀಸೆಲ್ ಲಾರಿಗಳು ನಿಲ್ಲುವ ಬಂಕಿನಲ್ಲಿ ಕ್ಯಾಟ್ ಸ್ಕೇಲ್‌ನ ಹಳದಿ-ಕಪ್ಪು ಬೋರ್ಡ್ ಕಂಡಿತು, ನುಗ್ಗಿಸಿದೆ.

ಕೆಲಸ ಸುಲಭ. ನಮ್ಮೂರ ವೇಬ್ರಿಡ್ಜ್ ತರಹವೇ, ಆದರೆ ಹಲಗೆ ಒಂದಲ್ಲ, ಬೇರೆ ಬೇರೆ ಮೂರು. ಮುಂದಿನ ಚಕ್ರ ಒಂದರ ಮೇಲೆ, ಹಿಂದಿನ ಚಕ್ರ ಇನ್ನೊಂದರ ಮೇಲೆ ನಿಲ್ಲಿಸಿದರೆ ಎರಡೂ ಆಕ್ಸಲ್‌ಗಳ, ಅಂದರೆ ಚಕ್ರದ ಅಚ್ಚುಗಳ, ತೂಕ ಬೇರೆ ಬೇರೆ ಬರುತ್ತದೆ. ಕಂಬದ ಗುಂಡಿ ಒತ್ತಿ ಮಾತಾಡಬೇಕು. ಆ ಗುಂಡಿ ಇರುವುದು ಲಾರಿ ಡ್ರೈವರ್ ಕಿಟಕಿ ಎತ್ತರಕ್ಕೆ, ನಮಗೆ ಎಟುಕಲ್ಲ. ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಪೊರಕೆ ಹಿಡಿಯಿಂದ ಒತ್ತಿದೆ. ಈಗ ಅವರ ಆ್ಯಪ್‌ನಲ್ಲೇ ಎಲ್ಲ ಮಾಡುತ್ತೇನೆ, ತೂಕ ಫೋನಿಗೇ ಬರುತ್ತದೆ, ಪೊರಕೆಗೆ ಕೆಲಸ ಇಲ್ಲ.

ಚೀಟಿ ಬಂತು. ಮುಂದೆ 4,180 ಪೌಂಡ್, ಹಿಂದೆ 9,940, ಒಟ್ಟು 14,120. ನಮ್ಮ ಗಾಡಿಗೆ ಒಟ್ಟು ಮಿತಿ 14,500. ನೋಡಿದ ತಕ್ಷಣ ನನಗೆ ಖುಷಿ ಆಯಿತು, ಇನ್ನೂ 380 ಪೌಂಡ್ ಮಿಕ್ಕಿದೆ ಅಂತ. ಡ್ರೈವರ್ ಬಾಗಿಲ ಸ್ಟಿಕರ್‌ನಲ್ಲಿ ಕೆಳಗಿನ ಸಾಲು ಓದಿದಾಗ ಖುಷಿ ಇಳಿಯಿತು. ಮುಂದಿನ ಆಕ್ಸಲ್ 5,000, ಹಿಂದಿನದು 9,600. ಒಟ್ಟು ತೂಕ ಸರಿ ಇದೆ, ಆದರೆ ಹಿಂದಿನ ಆಕ್ಸಲ್ ಮೇಲೆ 340 ಪೌಂಡ್ ಜಾಸ್ತಿ, ಮುಂದಿನದು 820 ಪೌಂಡ್ ಖಾಲಿ. ಮೂಕಿ ಎದ್ದಿತ್ತು ಅಲ್ವಾ!

ಟೈರ್ ಕಥೆ ಇನ್ನೂ ಕೆಟ್ಟದಾಗಿತ್ತು. ನಮ್ಮದು ಎಲ್‌ಟಿ225/75ಆರ್16, ಲೋಡ್ ರೇಂಜ್ ಇ (ಟೈರ್‌ನ ಅಳತೆ, ಭಾರ ಹೊರುವ ದರ್ಜೆ). ಒಂಟಿಯಾಗಿದ್ದರೆ 80 ಪಿಎಸ್‌ಐ ಗಾಳಿಗೆ ಒಂದು ಟೈರ್ 2,680 ಪೌಂಡ್ ಹೊರುತ್ತದೆ. ಜೋಡಿಯಾಗಿ ಹಾಕಿದರೆ ಅದೇ ಟೈರ್, ಅದೇ ಗಾಳಿ, ಆದರೆ 2,470 ಮಾತ್ರ. ನಾಲ್ಕಕ್ಕೆ 9,880. ಅಂದರೆ ಪೂರ್ತಿ 80 ಇದ್ದಿದ್ದರೂ ನಾನು 60 ಪೌಂಡ್ ಮೇಲಿದ್ದೆ. ಗಾಳಿ 80 ಇತ್ತಾ? ಇಲ್ಲ. ಹೊರಡುವ ಮುಂಚೆ ಒಂದು ಟೈರ್ ಅಂಗಡಿಯ ಹುಡುಗ "ಗಾಡಿ ಕುಲುಕುವುದು ಕಮ್ಮಿ ಆಗುತ್ತೆ" ಅಂತ ಆರಕ್ಕೂ 65 ಹಾಕಿದ್ದ. ನಾನು ಥ್ಯಾಂಕ್ಸ್ ಬೇರೆ ಹೇಳಿ ಬಂದಿದ್ದೆ. ಊರಲ್ಲಿ ಪಂಕ್ಚರ್ ಅಂಗಡಿಯವನು "ಎಷ್ಟು ಹೊಡೀಲಿ ಸಾರ್" ಅಂತ ಕೇಳಿಯಾದರೂ ಹೊಡೆಯುತ್ತಾನೆ.

ಅಲ್ಲೇ ಪಾರ್ಕಿಂಗ್‌ನಲ್ಲಿ ಕೂತು ಲೆಕ್ಕ ಹಾಕಿದೆ. ಹಿಂದಿನ ಆಕ್ಸಲ್‌ನಿಂದ ಸೈಕಲ್ ರ‍್ಯಾಕ್ 11 ಅಡಿ ಹಿಂದೆ ನೇತಾಡುತ್ತಿದೆ. ಎರಡು ಆಕ್ಸಲ್ ನಡುವೆ ಸುಮಾರು 18 ಅಡಿ. ಸೈಕಲ್, ರ‍್ಯಾಕ್ ಸೇರಿ 190 ಪೌಂಡ್. ಇದು ಹಿಂದಿನ ಆಕ್ಸಲ್ ಮೇಲೆ ಬರೀ 190 ಅಲ್ಲ, ಸನ್ನೆಕೋಲಿನ ಹಾಗೆ ಮುಂಭಾಗವನ್ನು 116 ಪೌಂಡ್‌ನಷ್ಟು ಎತ್ತಿ ಅದನ್ನೂ ಹಿಂದಕ್ಕೇ ಹಾಕುತ್ತದೆ. ಒಟ್ಟು 306. ನೀರು ಇನ್ನೊಂದು ಕಳ್ಳ. ಒಂದು ಗ್ಯಾಲನ್ 8.3 ಪೌಂಡ್, 40 ಗ್ಯಾಲನ್ ಅಂದರೆ 330ಕ್ಕೂ ಜಾಸ್ತಿ, ಅದೂ ನಮ್ಮ ಗಾಡಿಯಲ್ಲಿ ಟ್ಯಾಂಕ್ ಇರುವುದು ಹಿಂದಿನ ಹಾಸಿಗೆ ಕೆಳಗೆ. ಮುಕ್ಕಾಲು ನೀರು ಖಾಲಿ ಮಾಡಿದೆ. ಸೈಕಲ್‌ಗಳನ್ನು ಹತ್ತಿರದಲ್ಲೇ ಇದ್ದ ಗೆಳೆಯರ ಮನೆಗೆ ಸಾಗಿಸಿದೆ, ಮಕ್ಕಳು ಅರ್ಧ ದಿನ ಮಾತು ಬಿಟ್ಟರು. ಗ್ರೈಂಡರ್ ಉಳಿಯಿತು. ಟೈರ್‌ಗಳಿಗೆ ಗಾಳಿ ಹೊಡೆಸಿ ಮತ್ತೆ ತೂಗಿಸಿದೆ. ಅದೇ ಜಾಗದಲ್ಲಿ 24 ಗಂಟೆ ಒಳಗೆ ಮತ್ತೆ ತೂಗಿಸಿದರೆ ದುಡ್ಡು ತುಂಬಾ ಕಮ್ಮಿ. ಮುಂದೆ 4,340, ಹಿಂದೆ 9,340. ಸ್ಟೀರಿಂಗ್ ತೇಲುವುದು ನಿಂತಿತು.

ಈಗ ಕ್ಯಾಟ್ ಸ್ಕೇಲ್‌ನ ಕೊರತೆ. ಅದು ಆಕ್ಸಲ್ ತೂಕ ಕೊಡುತ್ತದೆ, ಎಡ-ಬಲ ಹೇಳುವುದಿಲ್ಲ. ಅದಕ್ಕೆ ಮುಂದಿನ ವರ್ಷ ಲಿವಿಂಗ್‌ಸ್ಟನ್‌ಗೆ ಹೋದೆ, ಹ್ಯೂಸ್ಟನ್‌ನಿಂದ ಒಂದೂ ಕಾಲು ಗಂಟೆ ದಾರಿ. ಅಲ್ಲಿ ಎಸ್ಕೇಪೀಸ್ ಅನ್ನುವ ಆರ್‌ವಿ ಕ್ಲಬ್‌ನವರು ಒಂದೊಂದು ಚಕ್ರದ ಜಾಗದಲ್ಲೂ ಬೇರೆ ಬೇರೆ ತೂಗಿ ಕೊಡುತ್ತಾರೆ. ನಮ್ಮ ಅಡುಗೆಕಟ್ಟೆ, ಫ್ರಿಜ್, ನಿಲ್ಲಿಸಿದಾಗ ಹೊರಕ್ಕೆ ಜಾರಿಸಿ ಕೋಣೆ ದೊಡ್ಡದು ಮಾಡುವ ಸ್ಲೈಡ್ ಎಲ್ಲ ಎಡಗಡೆ. ಹಿಂದಿನ ಎಡ ಜೋಡಿ ಮೇಲೆ 4,900, ಬಲ ಜೋಡಿ ಮೇಲೆ 4,440. ಸರಾಸರಿ ನೋಡಿದರೆ ಆರಾಮ ಅನಿಸುತ್ತದೆ, ಆದರೆ ಎಡ ಜೋಡಿಗೆ ಮಿತಿ 4,940. ಬರೀ 40 ಪೌಂಡ್ ಅಂತರ! ಅಕ್ಕಿ, ಪಾತ್ರೆ, ಟೂಲ್ ಬಾಕ್ಸ್, ಎಲ್ಲ ಬಲಗಡೆಗೆ ಹೋದವು.

ಗಾಳಿ ಎಷ್ಟು ಅಂತ ತೀರ್ಮಾನ ಮಾಡುವುದು ಹೀಗೆ: ಆ ಆಕ್ಸಲ್‌ನಲ್ಲಿ ಯಾವ ಪಕ್ಕ ಭಾರವೋ ಆ ತೂಕ ಹಿಡಿದು ಟೈರ್ ಕಂಪನಿಯ ಭಾರ-ಗಾಳಿ ಪಟ್ಟಿ (ಟೇಬಲ್) ನೋಡಬೇಕು, ಬಂದ ಸಂಖ್ಯೆಯನ್ನು ಎರಡೂ ಪಕ್ಕಕ್ಕೆ ಹಾಕಬೇಕು. ಎಡಕ್ಕೊಂದು ಬಲಕ್ಕೊಂದು ಬೇಡ. ನಮ್ಮ ಹಿಂದಿನದಕ್ಕೆ 80 ಬಿಟ್ಟು ಬೇರೆ ದಾರಿಯೇ ಇಲ್ಲ. ಮುಂದೆ ಭಾರದ ಪಕ್ಕ 2,250 ಇತ್ತು, ಟೇಬಲ್ ಪ್ರಕಾರ 65 ಸಾಕು, ಅದು 2,335ರವರೆಗೆ ಹೊರುತ್ತದೆ. ಆದರೂ ನಾನು ಬಾಗಿಲ ಸ್ಟಿಕರ್ ಹೇಳಿದ 75ನ್ನೇ ಇಟ್ಟಿದ್ದೇನೆ. ಪ್ರತಿ ಸಲ ಸಾಮಾನು ಒಂದೇ ತರಹ ಇರಲ್ಲ, ಬ್ರೇಕ್ ಹಾಕಿದಾಗ ಭಾರ ಮುಂದಕ್ಕೇ ಬರುತ್ತದೆ. ಲೋಟ ತಟ್ಟೆ ಗಲಗಲ ಅನ್ನುತ್ತವೆ, ಅನ್ನಲಿ.

ಇದೆಲ್ಲ ಟೈರ್ ತಣ್ಣಗಿರುವಾಗಿನ ಲೆಕ್ಕ, ಬೆಳಿಗ್ಗೆ ಗಾಡಿ ಓಡಿಸುವ ಮುಂಚೆ. ಜುಲೈ ತಿಂಗಳ ಮಧ್ಯಾಹ್ನ ಐ-10 ಹೈವೇ ಮೇಲೆ ಟೈರ್ ಗಾಳಿ ತೋರಿಸುವ ಮಾನಿಟರ್‌ನಲ್ಲಿ 94 ಕಂಡಾಗ ನನ್ನ ಹೆಂಡತಿ "ರೀ, ಸ್ವಲ್ಪ ಗಾಳಿ ಬಿಡಿ" ಅಂದಳು. ಬಿಡಬಾರದು. ಬಿಸಿಗೆ ಏರಿದ್ದು ತಣ್ಣಗಾದಾಗ ಇಳಿಯುತ್ತದೆ, ಆಗ ಬೆಳಿಗ್ಗೆ ನೋಡಿದರೆ 80 ಇರಲ್ಲ. ಹತ್ತು ಡಿಗ್ರಿ ಫ್ಯಾರನ್‌ಹೀಟ್‌ಗೆ ಒಂದು ಪಿಎಸ್‌ಐ ಅನ್ನುವ ಮಾತು ಕಾರಿನದು. 80ರ ಟೈರ್‌ಗೆ ಅದು ಹತ್ತಿರ ಹತ್ತಿರ ಎರಡು. ನವೆಂಬರ್‌ನಲ್ಲಿ ಚಳಿ ಬಿದ್ದ ರಾತ್ರಿಯ ಮಾರನೆ ದಿನ ಅದಕ್ಕೇ ಎಲ್ಲ ಟೈರ್‌ನಲ್ಲೂ ಗಾಳಿ ಕಮ್ಮಿ ತೋರಿಸುತ್ತದೆ, ಪಂಕ್ಚರ್ ಅಲ್ಲ.

ಮಾನಿಟರ್ ಬಗ್ಗೆ ಹೇಳಿದೆನಲ್ಲ, ಅದರ ಬ್ರ್ಯಾಂಡ್ ಹೆಸರು ಬೇಡ, ಎರಡು ಸೆನ್ಸರ್ ಒಂದೇ ವರ್ಷಕ್ಕೆ ಸತ್ತವು. ಆದರೂ ಒಂದು ಸಲ ಕಾಪಾಡಿತು. ಓಝೋನಾ ಊರು ದಾಟಿದ ಮೇಲೆ ಹಿಂದೆ ಎಡಗಡೆ ಒಳಗಿನ ಟೈರ್ 80ರಿಂದ ಇಳಿಯಲು ಶುರುವಾಯಿತು. 76, 71, 62. ಗಾಡಿ ಓಡುವುದರಲ್ಲಿ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಜೋಡಿ ಟೈರ್‌ನ ಮೋಸ ಇದೇ, ಒಂದು ಸೋತರೆ ಪಕ್ಕದ್ದು ಸದ್ದಿಲ್ಲದೆ ಎರಡರ ಭಾರ ಹೊರುತ್ತದೆ, ಅದು ಒಡೆದಾಗಲೇ ನಮಗೆ ಗೊತ್ತಾಗುವುದು. ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಿದೆ, ಎರಡು ಗಂಟೆ ಬಿಸಿಲಲ್ಲಿ ಕಾದೆವು. ಪಂಕ್ಚರ್ ಇರಲಿಲ್ಲ. ಒಳಗಿನ ವಾಲ್ವ್‌ಗೆ ಸಿಕ್ಕಿಸಿದ್ದ ಬಳುಕುವ ಉದ್ದನೆ ಪೈಪು ಸಡಿಲ ಆಗಿತ್ತು, ಅಷ್ಟೇ. ಮನೆಗೆ ಬಂದ ಮೇಲೆ ಅದನ್ನು ಕಿತ್ತು ಗಟ್ಟಿ ಲೋಹದ ವಾಲ್ವ್ ಹಾಕಿಸಿದೆ.

ಸ್ಟಾರ್ ಕೊಡುವುದಾದರೆ ಕ್ಯಾಟ್ ಸ್ಕೇಲ್‌ಗೆ ಐದಕ್ಕೆ ನಾಲ್ಕು. ಇಲ್ಲಿಯವರೆಗೆ ಹನ್ನೊಂದು ಚೀಟಿ ಸೇರಿವೆ, ಎಲ್ಲ ಗ್ಲೋವ್ ಬಾಕ್ಸ್‌ನಲ್ಲಿ. ಇನ್ನು ಟೈರ್ ಬದಲಾಯಿಸಬೇಕು, ವಯಸ್ಸಾಯಿತು. ಟೈರ್‌ನ ಪಕ್ಕದಲ್ಲಿ ತಯಾರಿ ಗುರುತಿನ ಡಾಟ್ ನಂಬರ್‌ನ ಕೊನೆಗೆ 1520 ಅಂತಿದೆ, ಅಂದರೆ 2020ರ 15ನೇ ವಾರ ಮಾಡಿದ್ದು. ಹೊರಗಿನ ನಾಲ್ಕು ನಾನೇ ಓದಿದೆ. ಒಳಗಿನ ಎರಡಕ್ಕೆ ಮಗಳ ಕೈಗೆ ಟಾರ್ಚ್ ಕೊಟ್ಟು ಗಾಡಿ ಕೆಳಗೆ ಕಳಿಸಿದೆ. "ಅಪ್ಪಾ, ಇದರಲ್ಲಿ 1418 ಅಂತಿದೆ," ಅಂದಳು. ಹಳೆಯ ಓನರ್ ಆರೂ ಹೊಸ ಟೈರ್ ಅಂದಿದ್ದರು.