ರೇಡಿಯೋಮಾಸ್ಟರ್ ಪಾಕೆಟ್: ವರ್ಷ ದಾಟಿದ ಮೇಲೆ, ಅವ್ವನ ಧ್ವನಿ ಸಮೇತ

ಡ್ರೋನಿಗೆ ಯಾವ ರಿಮೋಟ್ ತಗೊಳ್ಳಲಿ ಅಂತ ಕೇಳಿದರೆ ಎಲ್ಲರೂ ಮೊದಲು ರೇಂಜ್ ಬಗ್ಗೆಯೇ ಮಾತಾಡುತ್ತಾರೆ. ಇಷ್ಟು ಕಿಲೋಮೀಟರ್, ಅಷ್ಟು ಮಿಲಿವ್ಯಾಟ್. ನನ್ನದು ಬ್ಯಾಟರಿ ಸೇರಿ 250 ಗ್ರಾಂ ಒಳಗಿನ ಸಣ್ಣ ಡ್ರೋನ್. ಒಂದು ಬ್ಯಾಟರಿಗೆ ಐದಾರು ನಿಮಿಷ ಹಾರಿದರೆ ಜಾಸ್ತಿ. ಅಷ್ಟರಲ್ಲಿ ಅದು ಎಷ್ಟು ದೂರ ಹೋಗಿ ವಾಪಸ್ ಬಂದೀತು? 2.4 ಗಿಗಾಹರ್ಟ್ಸ್‌ನ ಇಎಲ್‌ಆರ್‌ಎಸ್ (ರಿಮೋಟ್ ಮತ್ತು ಡ್ರೋನ್ ನಡುವಿನ ರೇಡಿಯೋ ಸಂಪರ್ಕದ ವ್ಯವಸ್ಥೆ) ಇದ್ದರೆ ನನ್ನಂಥವರಿಗೆ ರೇಂಜಿನ ಜಗಳ ಅಲ್ಲಿಗೆ ಮುಗಿಯಿತು. ನನಗೆ ಬೇಕಿದ್ದದ್ದು ಬೇರೆ. ಏಳೆಂಟು ಸಾವಿರದೊಳಗೆ ಬರಬೇಕು, ಹೆಗಲ ಚೀಲದಲ್ಲಿ ಹಿಡಿಸಬೇಕು, ವಿಜಯಪುರದ ಧೂಳಿಗೆ ಜಗ್ಗಬಾರದು. ಅದಕ್ಕೇ ರೇಡಿಯೋಮಾಸ್ಟರ್ ಕಂಪನಿಯ ಪಾಕೆಟ್ ಎಂಬ ಈ ರಿಮೋಟ್ ತಗೊಂಡೆ.

ಧೂಳಿನ ಮಾತು ಸುಮ್ನೆ ಹೇಳಲಿಲ್ಲ. ಮೊದಲು ಇದ್ದ ಆರು ಚಾನೆಲ್ಲಿನ ರಿಮೋಟಿನಲ್ಲಿ ಕೈಬಿಟ್ಟರೂ ಸ್ಟಿಕ್ಕಿನ ಅಂಕಿ ನಡುಗುತ್ತಿತ್ತು. ಅದರೊಳಗೆ ಒಂದಕ್ಕೊಂದು ಉಜ್ಜುವ ಬಿಡಿಭಾಗ. ಎರೆ ಹೊಲದ ಸಣ್ಣ ಧೂಳು ಒಳಗೆ ಹೋದರೆ ಅದು ಇನ್ನೂ ಬೇಗ ಸವೆಯುತ್ತದೆ. ಪಾಕೆಟ್‌ನಲ್ಲಿ ಹಾಲ್ ಸೆನ್ಸರ್ ಇದೆ. ಅಯಸ್ಕಾಂತದಿಂದ ಅಳೆಯುವುದರಿಂದ ಅಲ್ಲಿ ಉಜ್ಜಾಟವೇ ಇಲ್ಲ. ಒಂದು ಬೇಸಿಗೆ, ಒಂದು ಆಷಾಢದ ಗಾಳಿ ಕಳೆದರೂ ಅಂಕಿ ಅಲುಗಿಲ್ಲ.

ಸಿಂದಗಿ ರಸ್ತೆಯ ಕಡೆ ಗೆಳೆಯನ ಹೊಲವಿದೆ. ಜೋಳ ಕೊಯ್ದ ಮೇಲೆ ಪೂರಾ ಬಯಲು, ಕಣಿಕೆಯ ಬಣವೆ ಒಂದು ತಪ್ಪಿಸಿಕೊಂಡರೆ ಸಾಕು. (ಗೋಳಗುಮ್ಮಟದ ಮೇಲೆ ಹಾರಿಸೋದಿಲ್ಲೇನು ಅಂತ ನೋಡಿದವರೆಲ್ಲ ಕೇಳುತ್ತಾರೆ. ಅದು ಸಂರಕ್ಷಿತ ಸ್ಮಾರಕ, ಅನುಮತಿ ಇಲ್ಲದೆ ಆಗದ ಕೆಲಸ.) ಬಿಸಿಲು ಇಳಿದ ಮೇಲೆ ಅಲ್ಲಿಗೆ ಹೋಗಿ ಚೀಲ ಬಿಚ್ಚುತ್ತೇನೆ. ಹಿಂದೆ ಸಿಕ್ಕಿಸಿಟ್ಟ ಎರಡು ಸ್ಟಿಕ್ ತೆಗೆದು ತಿರುಪುವುದು, ಆಂಟೆನಾ ಎತ್ತುವುದು, ಆನ್ ಮಾಡುವುದು. ಮಧ್ಯಾಹ್ನ ಹೊರಗೆ ಕಾಲಿಡಲಾಗದ ದಿನಗಳಲ್ಲಿ ಇದನ್ನೇ ಯುಎಸ್‌ಬಿ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಹಚ್ಚಿ ಸಿಮ್ಯುಲೇಟರ್ ಆಡುತ್ತೇನೆ. ರಿಮೋಟಿಗೆ 18650 ಎಂಬ ಲಿಥಿಯಂ ಸೆಲ್ ಎರಡು ಬೇಕು, ಬೇರೆ ಕೊಳ್ಳಬೇಕು.

ಈಗ ಸಿಟ್ಟಿನ ಮಾತು. ರಿಮೋಟ್ ಬಂದ ವಾರ ಡ್ರೋನ್ ಅದರ ಜೊತೆ ಮಾತೇ ಆಡಲಿಲ್ಲ. ಬೈಂಡಿಂಗ್ ಫ್ರೇಸ್, ಅಂದರೆ ಎರಡನ್ನೂ ಜೋಡಿಸುವ ಗುರುತಿನ ಪದ, ಎರಡೂ ಕಡೆ ಒಂದೇ, ಆದರೂ ದೀಪ ಮಿನುಗುತ್ತಲೇ ಇತ್ತು. ಕಾರಣ ಇಷ್ಟು: ರಿಮೋಟಿನಲ್ಲಿ ಇಎಲ್‌ಆರ್‌ಎಸ್ 3, ಡ್ರೋನಿನೊಳಗೆ ಸಿಗ್ನಲ್ ಹಿಡಿಯುವ ರಿಸೀವರಿನಲ್ಲಿ ಹಳೆಯ 2. ಆವೃತ್ತಿಯ ಮೊದಲ ಅಂಕಿ ಹೊಂದದಿದ್ದರೆ ಅವು ಕೂಡುವುದೇ ಇಲ್ಲ. ರಿಸೀವರ್ ಕಳಿಸಿದ ಆನ್‌ಲೈನ್ ಅಂಗಡಿಯವರಿಗೆ ಫೋನ್ ಮಾಡಿದರೆ "ಅದು ನಿಮ್ಮ ಸೆಟಿಂಗ್ ಸರ್" ಎಂದು ಇಟ್ಟುಬಿಟ್ಟರು. ಇಂಥದ್ದನ್ನು ಕೈಯಲ್ಲಿ ಹಿಡಿದು ತೋರಿಸುವ ಅಂಗಡಿ ನನಗೆ ಊರಲ್ಲಿ ಸಿಕ್ಕಿಲ್ಲ. ಕೊನೆಗೆ ದಾರಿ ರಿಸೀವರಿನಲ್ಲೇ ಇತ್ತು. ರಿಮೋಟ್ ಆಫ್ ಇಟ್ಟು ಡ್ರೋನಿಗೆ ಮಾತ್ರ ಕರೆಂಟ್ ಕೊಟ್ಟು ಒಂದು ನಿಮಿಷ ಕಾದರೆ ಅದು ತಾನೇ ವೈಫೈ ಎಬ್ಬಿಸುತ್ತದೆ. ಮೊಬೈಲಿನಿಂದ ಅದಕ್ಕೆ ಸೇರಿಕೊಂಡು ಹೊಸ ಫರ್ಮ್‌ವೇರ್ ಏರಿಸಿದೆ. ತಕ್ಷಣ ಕೂಡಿತು. ಹತ್ತು ನಿಮಿಷದ ಕೆಲಸಕ್ಕೆ ಒಂದು ವಾರ ನಿದ್ದೆ ಕೆಟ್ಟಿತ್ತು.

ಆ ಸಿಟ್ಟು ಇಳಿದದ್ದು ನಾನು ನಿರೀಕ್ಷಿಸದ ಕಡೆಯಿಂದ. ರಿಮೋಟಿನಲ್ಲಿ ಓಡುವ ಸಾಫ್ಟ್‌ವೇರ್ ಎಡ್ಜ್‌ಟಿಎಕ್ಸ್. ಅದು ಹೇಳುವ ಮಾತೆಲ್ಲ ಎಸ್‌ಡಿ ಕಾರ್ಡಿನಲ್ಲಿ ಬಿಡಿ ಬಿಡಿ ಧ್ವನಿ ಫೈಲುಗಳು. ಆನ್ ಮಾಡಿದಾಗ ಸ್ವಾಗತ ಹೇಳುವ ಇಂಗ್ಲಿಷ್ ಹೆಂಗಸು ಕೂಡ ಒಂದು ಫೈಲ್ ಅಷ್ಟೇ. ಹಾಗಾದರೆ ಬೇರೆಯವರ ಧ್ವನಿ ಹಾಕಬಹುದಲ್ವಾ? ಮೊಬೈಲ್ ಹಿಡಿದು ಅಡುಗೆಮನೆಗೆ ಹೋದೆ.

ಅವ್ವ ಮೊದಲು ರೇಡಿಯೋ ವಾರ್ತೆ ಓದಿದಂತೆ ಬಿಗಿಯಾಗಿ ಹೇಳಿದಳು. ಅದು ಬೇಡ ಎಂದು ಅವಳು ರೊಟ್ಟಿ ತಟ್ಟುವಾಗ ಮಾತಿಗೆ ಎಳೆದೆ. ಆಗ ಬಂತು ಅಸಲಿ ದನಿ. ಮೋನೋ ವೇವ್ ಫೈಲ್ ಮಾಡಿ, ಚಿಕ್ಕ ಹೆಸರು ಕೊಟ್ಟು ಕಾರ್ಡಿಗೆ ಹಾಕಿದೆ. ಈಗ ಆನ್ ಮಾಡಿದರೆ "ಬಂದ್ಯಾ? ಹುಷಾರಿ ಹಾರ್ಸು" ಎನ್ನುತ್ತಾಳೆ. ಮೋಟಾರ್ ಚಾಲೂ ಮಾಡುವ ಆರ್ಮ್ ಸ್ವಿಚ್ ಒತ್ತಿದರೆ "ಹಿಂದ ಸರೀರಿ, ಫ್ಯಾನ್ ತಿರಗತಾವ". ಸಿಗ್ನಲ್ ತಪ್ಪಿದರೆ "ಎಲ್ಲಿ ಹೋತಪಾ ನಿಂದು!" ಹಿಂದೆ ರೊಟ್ಟಿ ತಟ್ಟುವ ಸದ್ದು ಹಾಗೇ ಉಳಿದಿದೆ, ನಾನು ತೆಗೆಯಲಿಲ್ಲ.

ಬ್ಯಾಟರಿಯ ಮಾತಿಗೆ ಮಾತ್ರ ಸ್ವಲ್ಪ ಕೆಲಸ ಬಿತ್ತು. ಡ್ರೋನಿನ ನಾಲ್ಕು ಸೆಲ್ಲಿನ ಬ್ಯಾಟರಿ 14 ವೋಲ್ಟಿಗಿಂತ ಕೆಳಗೆ ಬಂದರೆ, ಅಂದರೆ ಸೆಲ್ಲಿಗೆ 3.5ಕ್ಕೆ, "ಸಾಕು ಬಿಡಪಾ, ಕೆಳಗ ಇಳಸು" ಎನ್ನುವಂತೆ ಲಾಜಿಕಲ್ ಸ್ವಿಚ್ (ಷರತ್ತು ಕೂಡಿದಾಗ ತಾನೇ ಆನ್ ಆಗುವಂಥದ್ದು) ಇಟ್ಟಿದ್ದೆ. ಥ್ರಾಟಲ್ ಜೋರು ಕೊಟ್ಟಾಗ ವೋಲ್ಟೇಜ್ ಒಂದು ಕ್ಷಣ ಕುಸಿದು ಮತ್ತೆ ಏಳುತ್ತದೆ. ಪ್ರತಿ ಸಲ ಮೇಲೆ ಏರಿಸಿದಾಗ ಅವ್ವ ಬೈಯುತ್ತಿದ್ದಳು! ಎರಡು ಸೆಕೆಂಡಿನ ಡಿಲೇ ಹಾಕಿದ ಮೇಲೆ ನಿಜವಾಗಿ ಖಾಲಿಯಾದಾಗ ಮಾತ್ರ ಬೈಯುತ್ತಾಳೆ. ಇಂಗ್ಲಿಷಿನಲ್ಲಿ "ಲೋ ಬ್ಯಾಟರಿ" ಅಂದರೆ ಇನ್ನೊಂದು ಸುತ್ತು ಹಾಕುವ ಆಸೆ ಆಗುತ್ತಿತ್ತು. ಈಗ ಆಗುವುದಿಲ್ಲ. ಬ್ಯಾಟರಿ ಉಬ್ಬುವುದೂ ನಿಂತಿದೆ.

ಪಕ್ಕದ ಹೊಲದ ಕಾಕಾ ಒಮ್ಮೆ ಬದುವಿನಿಂದಲೇ ಕೂಗಿ ಕೇಳಿದರು, "ಯಾರಪಾ ಅಲ್ಲಿ, ಹೆಣ್ಮಗಳ ದನಿ ಬರಾಕತ್ತೈತಿ?"

ಬೆರಳು ಉದ್ದ ಇದ್ದವರು, ಸ್ಟಿಕ್ಕನ್ನು ಎರಡು ಬೆರಳಲ್ಲಿ ಹಿಡಿಯುವವರು ಇದೇ ಕಂಪನಿಯ ದೊಡ್ಡದಾದ ಬಾಕ್ಸರ್ ನೋಡಿ. ದುಡ್ಡು ಜಾಸ್ತಿ, ಆದರೆ ಕೈಗೆ ಆರಾಮ. ನಾನು ಹೆಬ್ಬೆರಳಲ್ಲಿ ಹಾರಿಸುವವನು, ನನಗೆ ಇದೇ ಸಾಕು.

ತರಿಸುವವರು ರಿಸೀವರಿನಲ್ಲಿ ಇಎಲ್‌ಆರ್‌ಎಸ್ ಎಷ್ಟನೇ ಆವೃತ್ತಿ ಇದೆ ಅಂತ ದುಡ್ಡು ಕಟ್ಟುವ ಮೊದಲೇ ಬರಹದಲ್ಲಿ ಕೇಳಿ. ಧ್ವನಿ ಹಾಕಿಕೊಂಡರೆ ಎಸ್‌ಡಿ ಕಾರ್ಡಿನ ನಕಲು ಇಟ್ಟುಕೊಳ್ಳಿ. ಎಡ್ಜ್‌ಟಿಎಕ್ಸ್ ಅಪ್‌ಡೇಟ್ ಮಾಡುವಾಗ ಹೊಸ ಧ್ವನಿ ಫೈಲುಗಳನ್ನು ಮೇಲೆ ಕಾಪಿ ಮಾಡಿದರೆ ಅದೇ ಹೆಸರಿನ ನಿಮ್ಮ ಫೈಲುಗಳು ಅಳಿಸಿಹೋಗುತ್ತವೆ. ನಾನು ಎರಡು ಕಡೆ ಇಟ್ಟಿದ್ದೇನೆ. ಮತ್ತೆ ರೆಕಾರ್ಡ್ ಮಾಡೋಣ ಅಂದರೆ ಅವ್ವ "ಒಮ್ಮಿ ಹೇಳೀನಿ, ಸಾಕು" ಎನ್ನುತ್ತಾಳೆ.